ಸಿಬಿಲ್ ಕಡಿಮೆ ಇದ್ದವರ ಮೊದಲ ಪ್ರಿಫ್ಯಾಬ್ ಮನೆಗೆ ಸಾಲ: ಕಾಸರಗೋಡಿನಲ್ಲಿ ಯಾವ ಬಾಗಿಲು ತಟ್ಟಬೇಕು

ಐದಾರು ಸೆಂಟ್ಸ್ ಜಾಗ ಕೈಯಲ್ಲಿದೆ, ಮುರಕಲ್ಲು ಕಟ್ಟಿಸಲು ಆಳು ಸಿಗುವುದಿಲ್ಲ, ಮಳೆಗಾಲಕ್ಕೆ ಮುಂಚೆ ಮಾಡು ಏಳಬೇಕು ಎನ್ನುವವರಿಗೆ ಪ್ರಿಫ್ಯಾಬ್ ಮನೆ ಒಳ್ಳೆಯ ದಾರಿ. ಉಕ್ಕಿನ ಚೌಕಟ್ಟು, ಸಿಮೆಂಟ್ ಫೈಬರ್ ಹಲಗೆಯ ಗೋಡೆ, ಎಲ್ಲವನ್ನೂ ಕಾರ್ಖಾನೆಯಲ್ಲಿ ಅಳತೆಗೆ ತಯಾರಿಸಿ ತಂದು ಪಂಚಾಂಗದ (ಅಡಿಪಾಯದ) ಮೇಲೆ ಜೋಡಿಸುತ್ತಾರೆ. ಮನೆ ಏಳುವುದು ಬೇಗ, ಸಾಲ ಏಳುವುದು ಮಾತ್ರ ಕಷ್ಟ. ಸಿಬಿಲ್ ಸ್ಕೋರ್, ಅಂದರೆ ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದೀರಿ ಎಂಬುದಕ್ಕೆ ಸಿಗುವ ಅಂಕ, ಕೆಳಗಿದ್ದರೆ ಕಷ್ಟ ಇನ್ನೂ ಹೆಚ್ಚು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಎಟಕುವ ನಾಲ್ಕು ಬಗೆಯ ಸಾಲಸೇವೆಗಳನ್ನು ಇಲ್ಲಿ ತೂಗಿ ನೋಡಿದ್ದೇವೆ: ಸರಕಾರಿ ಮತ್ತು ಗ್ರಾಮೀಣ ಬ್ಯಾಂಕು, ಸರ್ವಿಸ್ ಸಹಕಾರಿ ಬ್ಯಾಂಕು, ಖಾಸಗಿ ಹೌಸಿಂಗ್ ಫೈನಾನ್ಸ್ ಕಂಪನಿ, ಮತ್ತು ಕೇರಳ ಸರಕಾರದ ಕೆಎಸ್‌ಎಫ್‌ಇ ಸಂಸ್ಥೆಯ ಚಿಟ್ಟಿ (ಚೀಟಿ).

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಸ್ಕೋರ್ 700ರ ಆಚೀಚೆ ಇದ್ದರೆ ಬ್ಯಾಂಕನ್ನು ಬಿಟ್ಟು ಬೇರೆಲ್ಲೂ ಹೋಗಬೇಡಿ. 650ರ ಆಸುಪಾಸಿನಲ್ಲಿದ್ದರೆ ಒಳ್ಳೆಯ ಸ್ಕೋರ್ ಇರುವ ಮನೆಯವರೊಬ್ಬರನ್ನು ಜಂಟಿ ಅರ್ಜಿದಾರರಾಗಿ ಸೇರಿಸಿ ಮತ್ತೆ ಬ್ಯಾಂಕಿಗೇ ಹೋಗಿ. ಅದಕ್ಕೂ ಕೆಳಗಾದರೆ ನಿಮ್ಮೂರಿನ ಸರ್ವಿಸ್ ಸಹಕಾರಿ ಬ್ಯಾಂಕು ಮೊದಲು, ಫೈನಾನ್ಸ್ ಕಂಪನಿ ಕೊನೆಗೆ. ಈ ಅಂಕಿಗಳು ಕಾನೂನಲ್ಲ, ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತವೆ. ಆದರೆ ಕಾಸರಗೋಡಿನ ಅರ್ಜಿಗಳು ಮುಗ್ಗರಿಸುವುದು ಸ್ಕೋರಿನಲ್ಲಿ ಮಾತ್ರ ಅಲ್ಲ. ಜಾಗದ ಕಾಗದಪತ್ರ ಮತ್ತು ಕಾರ್ಖಾನೆಗೆ ಹಣ ಕೊಡುವ ಕ್ರಮ, ಇವೆರಡೂ ಅಷ್ಟೇ ದೊಡ್ಡ ತಡೆ.

ಮೊದಲು ವರದಿ ತೆಗೆಸಿ ನೋಡಿ. ಸ್ಕೋರ್ 300ರಿಂದ 900ರವರೆಗಿನ ಒಂದು ಸಂಖ್ಯೆ ಅಷ್ಟೇ. ಒಳಗಿನ ವಿವರವೇ ಮುಖ್ಯ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಿಮ್ಮದೇ ವರದಿಯನ್ನು ನೀವು ನೋಡಿದರೆ ಅಂಕ ಇಳಿಯುವುದಿಲ್ಲ. ಇಳಿಯುವುದು ಸಾಲಕ್ಕೆ ಅರ್ಜಿ ಹಾಕಿದಾಗ. ಒಬ್ಬ ಏಜೆಂಟ್ ನಿಮ್ಮ ಪ್ಯಾನ್ ಕಾರ್ಡ್ ಹಿಡಿದು ಒಂದೇ ವಾರ ಐದು ಕಂಪನಿಗಳಿಗೆ ಅರ್ಜಿ ಕಳಿಸಿದರೆ ಐದು ವಿಚಾರಣೆಗಳೂ ವರದಿಯಲ್ಲಿ ಸಾಲಾಗಿ ಕೂರುತ್ತವೆ, ಆರನೆಯವರು ಅದನ್ನು ನೋಡಿಯೇ ಹಿಂದೆ ಸರಿಯುತ್ತಾರೆ.

ವರದಿಯ ಪ್ರತಿ ಸಾಲದ ಕೆಳಗೆ ತಿಂಗಳಿಗೊಂದು ಚೌಕದಂತೆ 36 ತಿಂಗಳ ಲೆಕ್ಕ ಇರುತ್ತದೆ. 000 ಎಂದಿದ್ದರೆ ಸಮಯಕ್ಕೆ ಕಟ್ಟಿದ್ದೀರಿ. 030, 060 ಎಂದರೆ ಅಷ್ಟು ದಿನ ತಡ. ಖಾತೆಯ ಸ್ಥಿತಿಯಲ್ಲಿ ‘ಕ್ಲೋಸ್ಡ್’ ಎಂದಿದ್ದರೆ ಒಳ್ಳೆಯದು. ‘ಸೆಟಲ್ಡ್’ ಎಂದರೆ ಬ್ಯಾಂಕು ಪೂರ್ತಿ ಹಣ ಪಡೆಯದೆ ರಾಜಿ ಮಾಡಿಕೊಂಡಿದೆ ಎಂದರ್ಥ. ‘ರಿಟನ್ ಆಫ್’ ಎಂದರೆ ವಸೂಲಾಗದ ಸಾಲವೆಂದು ಪುಸ್ತಕದಿಂದ ತೆಗೆದಿಟ್ಟಿದೆ. ನಮ್ಮ ಕಡೆ ಪದೇ ಪದೇ ಕಾಣುವುದು ಇವು: ಮಕ್ಕಳ ನರ್ಸಿಂಗ್ ಅಥವಾ ಎಂಜಿನಿಯರಿಂಗ್ ಓದಿಗೆ ತೆಗೆದ ಶಿಕ್ಷಣ ಸಾಲ, ಮೊಬೈಲ್ ಮತ್ತು ಬೈಕಿನ ಕಂತು, ಗಲ್ಫಿಗೆ ಹೋಗುವ ಮುಂಚೆ ಇಲ್ಲಿ ಬಿಟ್ಟುಹೋದ ಕ್ರೆಡಿಟ್ ಕಾರ್ಡ್, ಮತ್ತು ಬೇರೆಯವರ ಸಾಲಕ್ಕೆ ಹಾಕಿದ ಜಾಮೀನು. ಜಾಮೀನು ನಿಂತ ಸಾಲ ಹಾಳಾದರೆ ಅದು ನಿಮ್ಮ ವರದಿಯಲ್ಲೂ ಬರುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಾಗುವುದೇ ಅರ್ಜಿ ತಿರಸ್ಕಾರ ಆದ ಮೇಲೆ.

‘ಸೆಟಲ್ಡ್’ ಇರುವವರು ಆ ಬ್ಯಾಂಕಿಗೇ ಹೋಗಿ ಬಿಟ್ಟ ಮೊತ್ತ ಎಷ್ಟೆಂದು ಲಿಖಿತವಾಗಿ ಕೇಳಿ, ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು ‘ಕ್ಲೋಸ್ಡ್’ ಎಂದು ತಿದ್ದಿಸಬಹುದು. ಕಟ್ಟಿ ಮುಗಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ಆನ್‌ಲೈನಿನಲ್ಲಿ ತಕರಾರು ಹಾಕಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಾಗಿ ತಿದ್ದುಪಡಿ ಮೊದಲಿನಷ್ಟು ನಿಧಾನವಲ್ಲ. ಮನೆಯ ಆರ್ಡರ್ ಕೊಡುವ ಮೂರು ನಾಲ್ಕು ತಿಂಗಳು ಮುಂಚೆ ಈ ಕೆಲಸಕ್ಕೆ ಕೈ ಹಾಕಿದರೆ ಫಲ ಸಿಗುತ್ತದೆ. ಎಂದೂ ಸಾಲವನ್ನೇ ತೆಗೆಯದವರ ಸ್ಕೋರ್ -1 ಎಂದು ಬರುತ್ತದೆ, ಅದು ಕೆಟ್ಟ ಸ್ಕೋರ್ ಅಲ್ಲ. ಸಾಲದ ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ತಿರಸ್ಕರಿಸಬಾರದೆಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ.

ಇನ್ನು ಜಾಗ. ಸ್ಕೋರ್ ಕಡಿಮೆ ಇದ್ದವರಿಗೆ ಸಾಲ ಕೊಡುವವರ ಧೈರ್ಯವೆಲ್ಲ ಅಡವಿಟ್ಟ ಜಾಗದ ಮೇಲೆಯೇ. ಆದ್ದರಿಂದ ಅದರ ಕಾಗದ ಚೊಕ್ಕವಾಗಿರಬೇಕು. ಮೂಲ ಆಧಾರ (ಜಾಗದ ನೋಂದಾಯಿತ ದಸ್ತಾವೇಜು), ಮುನ್ನಾಧಾರ (ಅದಕ್ಕೂ ಹಿಂದಿನ ದಸ್ತಾವೇಜು), ಈ ವರ್ಷದ ಭೂತೆರಿಗೆ ರಶೀದಿ, ವಿಲ್ಲೇಜ್ ಆಫೀಸಿನ ಪೊಸೆಷನ್ ಮತ್ತು ಲೊಕೇಶನ್ ಸರ್ಟಿಫಿಕೇಟ್, ಸ್ಕೆಚ್, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಪಂಚಾಯತಿನ ಕಟ್ಟಡ ಪರವಾನಗಿ ಮತ್ತು ಮಂಜೂರಾದ ಪ್ಲಾನ್ ಬೇಕು. ಋಣಭಾರ ಪತ್ರ ಕನಿಷ್ಠ 13 ವರ್ಷದ್ದು. ಕೆಲವು ವಕೀಲರು 30 ವರ್ಷದ್ದು ಕೇಳುತ್ತಾರೆ, ಮೊದಲೇ 30ರದ್ದು ತೆಗೆದರೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಇಲ್ಲಿ ಎಡವುವ ಕಡೆಗಳು ಮೂರು. ಒಂದು, ವಿಲ್ಲೇಜಿನ ಮೂಲ ತೆರಿಗೆ ಪುಸ್ತಕದಲ್ಲಿ ಜಾಗ ‘ನಿಲಂ’ (ಗದ್ದೆ) ಎಂದಿರುವುದು. ಮೂವತ್ತು ವರ್ಷದಿಂದ ಅಡಿಕೆ ತೋಟವಾಗಿದ್ದರೂ ದಾಖಲೆಯಲ್ಲಿ ಗದ್ದೆಯೇ ಆಗಿದ್ದರೆ ಪರವಾನಗಿ ಸಿಗುವುದು ಕಷ್ಟ, ಪರವಾನಗಿ ಇಲ್ಲದೆ ಸಾಲ ಸಿಗದು. 2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನಿನಂತೆ ಡೇಟಾ ಬ್ಯಾಂಕ್ ಎಂಬ ಗದ್ದೆಗಳ ಪಟ್ಟಿಯಲ್ಲಿ ತಪ್ಪಾಗಿ ಸೇರಿದ್ದರೆ ಫಾರಂ 5, ಸೇರದೆ ಬರಿ ನಿಲಂ ಎಂದಿದ್ದು 50 ಸೆಂಟ್ಸ್ ಒಳಗಿದ್ದರೆ ಫಾರಂ 6 ಹಾಕಬೇಕಾಗಬಹುದು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕಾರ್ಖಾನೆಗೆ ಮುಂಗಡ ಕೊಟ್ಟ ಮೇಲೆ ಇದು ಗೊತ್ತಾದರೆ ಮುಂಗಡವೂ ಸಿಕ್ಕಿಬೀಳುತ್ತದೆ. ಎರಡು, ಪಟ್ಟಾ ಜಾಗಕ್ಕೆ ತಾಗಿದ ಕುಮ್ಕಿಯಲ್ಲಿ (ಪಟ್ಟಾದಾರರು ಬಳಸುವ ಸರಕಾರಿ ಜಾಗದಲ್ಲಿ) ಮನೆ ಬರುವುದು. ಕುಮ್ಕಿಗೆ ಹಕ್ಕುಪತ್ರ ಇಲ್ಲ, ಅಡವೂ ಇಲ್ಲ. ಪಂಚಾಂಗದ ಒಂದು ಮೂಲೆ ಅತ್ತ ಚಾಚಿದರೂ ಮೌಲ್ಯಮಾಪಕ ಎಂಜಿನಿಯರ್ ಬರೆದುಬಿಡುತ್ತಾರೆ. ಮೂರು, ಭಾಷೆ. 1956ಕ್ಕಿಂತ ಹಿಂದೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯೇ ಆದ್ದರಿಂದ ಹಳೆಯ ಆಧಾರಗಳು ಕನ್ನಡದಲ್ಲಿವೆ. ಕಾಸರಗೋಡಿನ ವಕೀಲರಿಗೆ ಅದೇನೂ ಅಡ್ಡಿಯಲ್ಲ. ಆದರೆ ಮಂಜೂರಾತಿ ದೂರದ ಕೇಂದ್ರದಲ್ಲಿ ಆಗುವುದಿದ್ದರೆ ಭಾಷಾಂತರ ಕೇಳುತ್ತಾರೆ. ಅರ್ಜಿ ಕೊಡುವ ದಿನವೇ ‘ಲೀಗಲ್ ಒಪೀನಿಯನ್ ಯಾರು ಕೊಡುತ್ತಾರೆ, ಕನ್ನಡ ಆಧಾರ ನಡೆಯುತ್ತದೆಯೇ’ ಎಂದು ಕೇಳಿಟ್ಟುಕೊಳ್ಳಿ. ಮಂಗಳೂರು ಹತ್ತಿರವೆಂದು ಅಲ್ಲಿನ ಶಾಖೆಗೆ ಹೋಗುವವರೂ ಮೊದಲು ಕೇಳಬೇಕಾದ್ದು ಕೇರಳದ ಆಸ್ತಿಗೆ ಆ ಶಾಖೆ ಸಾಲ ಕೊಡುತ್ತದೆಯೇ ಎಂದು.

ಪ್ರಿಫ್ಯಾಬ್ ಮನೆಯನ್ನು ಬ್ಯಾಂಕು ಮನೆಯೆಂದು ಒಪ್ಪುವುದು ಅದು ನೆಲಕ್ಕೆ ಕೂತಾಗ. ಕಾಂಕ್ರೀಟ್ ಅಥವಾ ಕಲ್ಲಿನ ಪಂಚಾಂಗ, ಅದರ ಬೆಲ್ಟಿಗೆ ಬೋಲ್ಟ್ ಹಾಕಿ ಬಿಗಿದ ಚೌಕಟ್ಟು, ಪಂಚಾಯತಿನ ಪರವಾನಗಿ, ಮುಗಿದ ಮೇಲೆ ಮನೆ ನಂಬ್ರ: ಇವಿದ್ದರೆ ಅದು ಸ್ಥಿರಾಸ್ತಿ. ನಾಲ್ಕು ಕಂಬದ ಮೇಲೆ ಇಟ್ಟ ಕಂಟೇನರ್ ಮನೆ ಎತ್ತಿಕೊಂಡು ಹೋಗಬಹುದಾದ ವಸ್ತು. ಅದಕ್ಕೆ ಗೃಹಸಾಲ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಏಜೆಂಟ್ ‘ಕೊಡಿಸುತ್ತೇನೆ’ ಎಂದರೆ ಅದು ಹೆಚ್ಚಾಗಿ ದುಬಾರಿ ಪರ್ಸನಲ್ ಲೋನ್.

ಮೌಲ್ಯಮಾಪಕರ ವರದಿಯಲ್ಲಿ ಕಟ್ಟಡದ ಆಯುಷ್ಯ ಎಂಬ ಕಾಲಂ ಇರುತ್ತದೆ. ಸಾಲದ ಅವಧಿ ಆ ಆಯುಷ್ಯದೊಳಗೆ ಮುಗಿಯಬೇಕು. ಕಲ್ಲಿನ ಮನೆಗೆ ಧಾರಾಳವಾಗಿ ಬರೆಯುವವರು ಉಕ್ಕಿನ ಮನೆಗೆ ಕೈ ಬಿಗಿ ಹಿಡಿಯುತ್ತಾರೆ, ಅದರಲ್ಲೂ ಉಪ್ಪಳ, ಕುಂಬಳೆಯಂಥ ಕಡಲ ಬದಿಯಲ್ಲಿ. ಪರಿಣಾಮ ನೋಡಿ: 10 ಲಕ್ಷ ಸಾಲ, 8.5 ಶೇಕಡಾ ಬಡ್ಡಿ. 20 ವರ್ಷಕ್ಕೆ ತಿಂಗಳ ಕಂತು 8,678 ರೂಪಾಯಿ. 10 ವರ್ಷಕ್ಕೆ ಇಳಿಸಿದರೆ 12,399. ತಿಂಗಳಿಗೆ 22,000 ಆದಾಯ ಇರುವವರಿಗೆ ಮೊದಲನೆಯದು ನಡೆಯುತ್ತದೆ, ಎರಡನೆಯದು ಆದಾಯದ ಅರ್ಧ ದಾಟಿತೆಂದು ಅರ್ಜಿ ಬಿದ್ದುಹೋಗುತ್ತದೆ. ಇಲ್ಲಿ ಸ್ಕೋರಿನ ತಪ್ಪು ಏನೂ ಇಲ್ಲ. ಆದ್ದರಿಂದ ಕಾರ್ಖಾನೆಯಿಂದ ಉಕ್ಕಿನ ಸತುಲೇಪದ ಪ್ರಮಾಣ, ಹಲಗೆಯ ದಪ್ಪ, ಲಿಖಿತ ಗ್ಯಾರಂಟಿ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಸ್ಥಿರತಾ ಪ್ರಮಾಣಪತ್ರ ತರಿಸಿ, ಮೌಲ್ಯಮಾಪಕರು ಜಾಗಕ್ಕೆ ಬಂದ ದಿನವೇ ಅವರ ಕೈಗೆ ಕೊಡಿ. ವರದಿ ಬರೆದಾದ ಮೇಲೆ ಬದಲಾಯಿಸುವುದು ಕಷ್ಟ.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಹಣ ಬಿಡುಗಡೆಯಲ್ಲಿ. ಬ್ಯಾಂಕಿನ ಪದ್ಧತಿ ಕಲ್ಲಿನ ಮನೆಗೆ ಹೇಳಿ ಮಾಡಿಸಿದ್ದು: ಪಂಚಾಂಗ ಆದ ಮೇಲೆ ಇಷ್ಟು, ಲಿಂಟಲ್‌ಗೆ ಇಷ್ಟು, ಮಾಡಿಗೆ ಇಷ್ಟು. ಮೊದಲು ಕೆಲಸ, ಆಮೇಲೆ ಹಣ. ಕಾರ್ಖಾನೆಯದ್ದು ತದ್ವಿರುದ್ಧ. ಮನೆ ಒಟ್ಟು 10 ಲಕ್ಷ ಎಂದಿಟ್ಟುಕೊಳ್ಳಿ. ಪಂಚಾಂಗ, ಸೆಪ್ಟಿಕ್ ಟ್ಯಾಂಕ್ ಸೇರಿ 2 ಲಕ್ಷ, ಕಾರ್ಖಾನೆಗೆ 8 ಲಕ್ಷ. ಕಾರ್ಖಾನೆಯವರು ಆರ್ಡರ್ ಜೊತೆ 40 ಶೇಕಡಾ, ಲಾರಿಗೆ ಹೇರುವ ಮುಂಚೆ 50, ಜೋಡಿಸಿದ ಮೇಲೆ 10 ಕೇಳಿದರೆ, ನಿಮ್ಮ ಜಾಗದಲ್ಲಿ ಒಂದು ಕಂಬವೂ ಕಾಣದ ಹೊತ್ತಿಗೆ 7.2 ಲಕ್ಷ ಕೊಟ್ಟಾಗಿರಬೇಕು. ಬ್ಯಾಂಕಿನ ಎಂಜಿನಿಯರ್ ಬಂದು ನೋಡಿದರೆ ಪಂಚಾಂಗ ಮಾತ್ರ ಇದೆ, ಹಣ ಬಿಡುವುದಿಲ್ಲ. ಕಾರ್ಖಾನೆ ಸಾಮಾನು ಬಿಡುವುದಿಲ್ಲ.

ಇದನ್ನು ಬಿಡಿಸುವ ಕ್ರಮ ಹೀಗೆ. ಪಂಚಾಂಗದ 2 ಲಕ್ಷವನ್ನು ನಿಮ್ಮ ಪಾಲಿನ ಮಾರ್ಜಿನ್ ಎಂದು ಮೊದಲೇ ಖರ್ಚು ಮಾಡಿ, ಬಿಲ್ಲುಗಳನ್ನು ಇಟ್ಟುಕೊಳ್ಳಿ. 30 ಲಕ್ಷದವರೆಗಿನ ಸಾಲಕ್ಕೆ 90 ಶೇಕಡಾವರೆಗೂ ಕೊಡಲು ಆರ್‌ಬಿಐ ಅನುಮತಿ ಇದ್ದರೂ ಸ್ಕೋರ್ ಕಡಿಮೆ ಇದ್ದವರಿಗೆ ಅಷ್ಟು ಸಿಗದು. 20 ಶೇಕಡಾ ಕೈಯಿಂದ ಹಾಕಲು ತಯಾರಿರಿ. ಆಮೇಲೆ ಕಾರ್ಖಾನೆಯ ಜೊತೆ ಒಪ್ಪಂದ ತಿದ್ದಿ: 10 ಶೇಕಡಾ ಮುಂಗಡ, 70 ಶೇಕಡಾ ಸಾಮಾನು ಜಾಗದಲ್ಲಿ ಇಳಿದ ದಿನ ಬ್ಯಾಂಕಿನಿಂದ ನೇರ ಕಾರ್ಖಾನೆಯ ಖಾತೆಗೆ, 20 ಶೇಕಡಾ ಜೋಡಣೆ ಮುಗಿದ ಮೇಲೆ. ಈ ಕ್ರಮವನ್ನು ಕಾರ್ಖಾನೆ ಮೊದಲೇ ಕೊಡುವ ಅಂದಾಜು ಬಿಲ್ಲಿನಲ್ಲಿ (ಪ್ರೊಫಾರ್ಮಾ ಇನ್‌ವಾಯ್ಸ್) ಜಿಎಸ್‌ಟಿ ಸಮೇತ ಬರೆಸಿ, ‘ಸಾಮಾನು ಸ್ಥಳಕ್ಕೆ ಬಂದಾಗ’ ಎಂಬ ಹಂತವನ್ನು ಬ್ಯಾಂಕಿನ ಮಂಜೂರಾತಿ ಪತ್ರದಲ್ಲೂ ಸೇರಿಸಲು ಕೇಳಿ. ಮ್ಯಾನೇಜರ್ ಬಾಯಲ್ಲಿ ‘ಮಾಡೋಣ’ ಎಂದರೆ ಸಾಲದು, ಪತ್ರದಲ್ಲಿ ಇರಬೇಕು. ಕಾರ್ಖಾನೆ ಇದಕ್ಕೆ ಒಪ್ಪದೆ 3 ಲಕ್ಷ ಮೊದಲೇ ಬೇಕೆಂದರೆ ಮನೆಯ ಚಿನ್ನವೇ ಸೇತುವೆ. 10 ಶೇಕಡಾ ಬಡ್ಡಿಯಲ್ಲಿ 3 ಲಕ್ಷ ಚಿನ್ನದ ಸಾಲಕ್ಕೆ ಎರಡು ತಿಂಗಳಿಗೆ 5,000 ರೂಪಾಯಿ. ಇದೇ ಮೊತ್ತಕ್ಕೆ ಪರ್ಸನಲ್ ಲೋನ್ ತೆಗೆದರೆ ಬಡ್ಡಿಯೂ ಹೆಚ್ಚು, ಗೃಹಸಾಲದ ಅರ್ಜಿಯ ನಡುವೆ ಹೊಸ ಸಾಲವೊಂದು ವರದಿಯಲ್ಲಿ ಬಂದು ಮಂಜೂರಾತಿಯೇ ನಿಲ್ಲಬಹುದು. ಚಿನ್ನದ ಸಾಲವೂ ವರದಿಗೆ ಹೋಗುತ್ತದೆ, ಆದ್ದರಿಂದ ಮ್ಯಾನೇಜರಿಗೆ ಮೊದಲೇ ತಿಳಿಸಿಡಿ.

ಈಗ ಒಂದೊಂದೇ ಸೇವೆ.

ಸರಕಾರಿ ಬ್ಯಾಂಕು ಮತ್ತು ಕೇರಳ ಗ್ರಾಮೀಣ ಬ್ಯಾಂಕು: ಬಡ್ಡಿಯ ಮಟ್ಟಿಗೆ ಇವನ್ನು ಮೀರಿಸುವವರಿಲ್ಲ. ಸರಕಾರಿ ಬ್ಯಾಂಕುಗಳ ಫ್ಲೋಟಿಂಗ್ (ಏರಿಳಿಯುವ ಬಡ್ಡಿಯ) ಗೃಹಸಾಲ ಆರ್‌ಬಿಐಯ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಿರುವುದರಿಂದ ದರ ಇಳಿದಾಗ ನಿಮಗೂ ಇಳಿಯುತ್ತದೆ. ಸ್ಕೋರ್ ಕಡಿಮೆಯಾದಷ್ಟೂ ಒಂದಿಷ್ಟು ಹೆಚ್ಚು ದರ ಹಾಕುತ್ತಾರೆ, ಆದರೂ ಫೈನಾನ್ಸ್ ಕಂಪನಿಗಿಂತ ಎಷ್ಟೋ ವಾಸಿ. ಕೊರತೆ ಎಂದರೆ ಪ್ರಿಫ್ಯಾಬ್ ವಿಷಯದಲ್ಲಿ ಶಾಖೆಯವರಿಗೆ ರೂಢಿ ಇಲ್ಲ. ಒಬ್ಬ ಮ್ಯಾನೇಜರ್ ಆಗುವುದೇ ಇಲ್ಲ ಎಂದದ್ದನ್ನು ಇನ್ನೊಬ್ಬರು ಮಾಡಿಕೊಡುತ್ತಾರೆ. ಜಂಟಿ ಅರ್ಜಿದಾರರಿಂದ ಹೆಚ್ಚು ಲಾಭ ಆಗುವುದೂ ಇಲ್ಲೇ. ಅಂಗನವಾಡಿ, ಶಾಲೆ, ಆಸ್ಪತ್ರೆಯಲ್ಲಿ ಸಂಬಳ ಬ್ಯಾಂಕಿಗೆ ಬರುವ ಹೆಂಡತಿ ಅಥವಾ ಮಗಳಿದ್ದರೆ ಅವರ ಹೆಸರು ಮೊದಲು ಬರಲಿ. ಗಲ್ಫಿನಲ್ಲಿರುವ ಮಗನನ್ನು ಸೇರಿಸುವುದಾದರೆ ಸಂಬಳ ಜಮೆಯಾಗುವ ಖಾತೆಯ ವಿವರ, ವೀಸಾ, ಮತ್ತು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಮುಖ್ತಿಯಾರುಪತ್ರ (ಪವರ್ ಆಫ್ ಅಟಾರ್ನಿ) ಬೇಕು. ಅದು ಊರಿಗೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪು ಮಾಡಿಸಲೇಬೇಕು.

ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಯೊಳಗಿನವರು ಪಿಎಂ ಆವಾಸ್ ನಗರ 2.0ರ ಬಡ್ಡಿ ಸಬ್ಸಿಡಿಯನ್ನು ಕೇಳಲೇಬೇಕು. ವರ್ಷಕ್ಕೆ 9 ಲಕ್ಷದವರೆಗೆ ಆದಾಯ, ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು, ಸಾಲ 25 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ. ಮೊದಲ 8 ಲಕ್ಷಕ್ಕೆ 4 ಶೇಕಡಾ ಲೆಕ್ಕದಲ್ಲಿ ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ ಸಾಲದ ಖಾತೆಗೇ ಬರುತ್ತದೆ. ಪಂಚಾಯತಿನೊಳಗಿನವರು ಕೇರಳ ಸರಕಾರದ ವಸತಿ ಯೋಜನೆಯಾದ ಲೈಫ್ ಮಿಷನ್ ಪಟ್ಟಿಯಲ್ಲಿ ಹೆಸರಿದೆಯೇ ನೋಡಲಿ. ಅದರ 4 ಲಕ್ಷ ಸಾಲವಲ್ಲ, ನೆರವು. ಹಂತ ಹಂತವಾಗಿ ಕೊಡುವುದರಿಂದ ಪ್ರಿಫ್ಯಾಬ್ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಸರ್ವಿಸ್ ಸಹಕಾರಿ ಬ್ಯಾಂಕು: ಸ್ಕೋರಿಗಿಂತ ಸದಸ್ಯನನ್ನು, ಅವನ ಜಾಗವನ್ನು, ಹಿಂದೆ ಬೆಳೆಸಾಲ ಹೇಗೆ ಕಟ್ಟಿದ್ದಾನೆಂಬುದನ್ನು ನೋಡಿ ಕೊಡುವ ವ್ಯವಸ್ಥೆ. ಆಡಳಿತ ಮಂಡಳಿಯವರಿಗೆ ನಿಮ್ಮ ಮನೆ ದಾರಿ ಗೊತ್ತು. ಅಡಿಕೆಯ ಆದಾಯಕ್ಕೆ ಸಂಬಳ ಚೀಟಿ ಕೇಳುವುದಿಲ್ಲ. ಮೊತ್ತ ಸಣ್ಣದು, ಅವಧಿ ಕಡಿಮೆ, ಬಡ್ಡಿ ಬ್ಯಾಂಕಿಗಿಂತ ಹೆಚ್ಚು. ಪಂಚಾಂಗ ಮತ್ತು ಮುಂಗಡದ ಖರ್ಚಿಗೆ, ಅಥವಾ ಒಂದೇ ಬೆಡ್‌ರೂಮಿನ ಚಿಕ್ಕ ಮನೆಗೆ ಇದು ಬಹಳ ಸೂಕ್ತ. ಜಾಗದ ಮೇಲೆ ‘ಗಹಾನ್’ ಎಂಬ ಅಡವಿನ ದಾಖಲೆ ಬರೆಸುತ್ತಾರೆ, ಅದು ಋಣಭಾರ ಪತ್ರದಲ್ಲಿ ಕಾಣುತ್ತದೆ. ಹಳೆಯ ಬೆಳೆಸಾಲದ ಗಹಾನ್ ಸಾಲ ತೀರಿದ ಮೇಲೂ ರದ್ದಾಗದೆ ಉಳಿದಿರುವುದು ನಮ್ಮ ಕಡೆ ತುಂಬ ಸಾಮಾನ್ಯ. ಬೇರೆ ಬ್ಯಾಂಕಿಗೆ ಅರ್ಜಿ ಹಾಕುವ ಮುಂಚೆ ರಿಲೀಸ್ ಮಾಡಿಸಿ. ಇನ್ನೊಂದು ಮಾತು ತಿಳಿದಿರಬೇಕು: ಸರ್ವಿಸ್ ಸಹಕಾರಿ ಬ್ಯಾಂಕಿನಂಥ ಪ್ರಾಥಮಿಕ ಸಹಕಾರಿ ಸಂಘಗಳು ಆರ್‌ಬಿಐ ಕೈಕೆಳಗಿಲ್ಲ. ಬ್ಯಾಂಕಿನ ಗ್ರಾಹಕರಿಗಿರುವ ಹಲವು ರಕ್ಷಣೆಗಳು ಇಲ್ಲಿ ಅನ್ವಯಿಸುವುದಿಲ್ಲ, ದೂರು ಹೋಗುವುದು ಸಹಕಾರಿ ಇಲಾಖೆಯ ಜಾಯಿಂಟ್ ರಿಜಿಸ್ಟ್ರಾರರಿಗೆ. 2019ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ಸೇರಿ ಆದ ಕೇರಳ ಬ್ಯಾಂಕ್ ಬೇರೆ. ಅದು ಆರ್‌ಬಿಐ ನಿಯಮಕ್ಕೆ ಒಳಪಟ್ಟದ್ದು.

ಹೌಸಿಂಗ್ ಫೈನಾನ್ಸ್ ಕಂಪನಿ: ಬೇಗ ಕೊಡುತ್ತಾರೆ, ಮನೆಗೇ ಬಂದು ಕಾಗದ ತೆಗೆದುಕೊಂಡು ಹೋಗುತ್ತಾರೆ, ಆಟೋ ಓಡಿಸುವವರ, ಅಂಗಡಿ ಇಟ್ಟವರ ಲೆಕ್ಕವಿಲ್ಲದ ಆದಾಯವನ್ನೂ ಅಂದಾಜು ಹಾಕುತ್ತಾರೆ. ಇದು ನಿಜವಾದ ಸೇವೆ, ಅಲ್ಲಗಳೆಯುವುದಿಲ್ಲ. ಬೆಲೆ ಮಾತ್ರ ಭಾರಿ. 10 ಲಕ್ಷಕ್ಕೆ 20 ವರ್ಷ, 13 ಶೇಕಡಾ ಆದರೆ ಕಂತು 11,716. 8.5ರ ಬ್ಯಾಂಕಿಗೆ ಹೋಲಿಸಿದರೆ ಒಟ್ಟು 7 ಲಕ್ಷದ 29 ಸಾವಿರದಷ್ಟು ಹೆಚ್ಚು. ಮೇಲಿಂದ ಖರ್ಚುಗಳು: 2 ಶೇಕಡಾ ಪ್ರೊಸೆಸಿಂಗ್ ಎಂದರೆ 20,000, ಅದಕ್ಕೆ 18 ಶೇಕಡಾ ಜಿಎಸ್‌ಟಿ 3,600, ‘ಕಡ್ಡಾಯ’ ಎಂದು ಸೇರಿಸುವ ವಿಮೆ 40,000 ಆದರೆ ಕೈಗೆ ಬರುವುದು 9,36,400; ಕಂತು ಮಾತ್ರ 10 ಲಕ್ಷಕ್ಕೆ. ಮನೆಗೆ ಬೆಂಕಿ-ನೆರೆ ವಿಮೆ ಬೇಕು, ಅದನ್ನು ಅವರಿಂದಲೇ ಕೊಳ್ಳಬೇಕೆಂದಿಲ್ಲ. ಬೇಡವೆಂದು ಇಮೇಲಿನಲ್ಲಿ ಬರೆದುಕೊಡಿ.

2024ರ ಅಕ್ಟೋಬರ್ 1ರಿಂದ ಎಲ್ಲ ಚಿಲ್ಲರೆ ಸಾಲಗಳಿಗೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ (ಸಾಲದ ಮುಖ್ಯ ಷರತ್ತು, ಖರ್ಚುಗಳ ಪತ್ರ) ಕೊಡಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಕಾಸರಗೋಡಿನಲ್ಲಿ ಮಲಯಾಳ ಓದಲು ಬಾರದವರು ಕನ್ನಡದಲ್ಲಿ ಕೇಳಿ ಪಡೆಯಬೇಕು. ಅದರಲ್ಲಿ ‘ಎಪಿಆರ್’ ಎಂಬ ವಾರ್ಷಿಕ ದರ ನೋಡಿ. ಶುಲ್ಕ, ವಿಮೆ ಎಲ್ಲ ಸೇರಿದ ನಿಜವಾದ ದರ ಅದೇ. ಎರಡು ಕಂಪನಿಗಳನ್ನು ಹೋಲಿಸುವುದಿದ್ದರೆ ಬಾಯಿಮಾತಿನ ಬಡ್ಡಿ ಬಿಟ್ಟು ಎಪಿಆರ್ ಹೋಲಿಸಿ. ಸಾಲ ಫ್ಲೋಟಿಂಗ್ ಆಗಿರಲಿ. ಎರಡು ವರ್ಷ ಒಂದೂ ಕಂತು ತಪ್ಪಿಸದೆ ಕಟ್ಟಿದರೆ ಸ್ಕೋರ್ ಏರುತ್ತದೆ, ಆಗ ಬ್ಯಾಂಕಿಗೆ ಸಾಲ ವರ್ಗಾಯಿಸಬಹುದು. ಫ್ಲೋಟಿಂಗ್ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಮೊದಲ ಮೂರು ವರ್ಷ ಫಿಕ್ಸೆಡ್ ಎಂಬ ಯೋಜನೆಗಳಲ್ಲಿ ದಂಡ ಇರಬಹುದು, ಸಹಿಗೆ ಮುಂಚೆ ಆ ಸಾಲು ಹುಡುಕಿ ಓದಿ.

ಕೆಎಸ್‌ಎಫ್‌ಇ ಚಿಟ್ಟಿ: ಕೇರಳ ಸರಕಾರದ ಸಂಸ್ಥೆ, 1969ರಿಂದ ನಡೆಯುತ್ತಿದೆ. ಮನೆ ಕಟ್ಟಲು ಒಂದೆರಡು ವರ್ಷ ಸಮಯ ಇರುವವರಿಗೆ ಚೆನ್ನ. ತಿಂಗಳಿಗೆ 10,000ದಂತೆ 100 ತಿಂಗಳ 10 ಲಕ್ಷದ ಚಿಟ್ಟಿಯನ್ನು ಹರಾಜಿನಲ್ಲಿ 25 ಶೇಕಡಾ ಬಿಟ್ಟುಕೊಟ್ಟು ಹಿಡಿದರೆ 7.5 ಲಕ್ಷ ಸಿಗುತ್ತದೆ. ಹರಾಜಿನಲ್ಲಿ ಬಿಟ್ಟ ಹಣದಿಂದ ಸಂಸ್ಥೆಯ ಕಮಿಷನ್ (ಚಿಟ್ಟಿ ಮೊತ್ತದ 5 ಶೇಕಡಾ) ಕಳೆದು ಉಳಿದದ್ದು ಎಲ್ಲರಿಗೂ ಹಂಚಿ ಕಂತು ಕಡಿಮೆಯಾಗುತ್ತದೆ. ಹಣ ಒಮ್ಮೆಲೇ ಕೈಗೆ ಬರುವುದರಿಂದ ಕಾರ್ಖಾನೆಯ ಮುಂಗಡದ ತೊಡಕೇ ಇಲ್ಲ, ಹಣ ಸಿಗುವ ಕ್ರಮದ ಮಟ್ಟಿಗೆ ಪ್ರಿಫ್ಯಾಬಿಗೆ ಇದರಷ್ಟು ಹೊಂದುವ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಯಾವ ತಿಂಗಳು ನಿಮಗೆ ಬೀಳುತ್ತದೆಂದು ಹೇಳಲಾಗದು, ಮತ್ತು ಹಿಡಿದ ಮೇಲೆ ಭದ್ರತೆ ಕೊಡದೆ ಹಣ ಬಿಡುವುದಿಲ್ಲ: ಸರಕಾರಿ ನೌಕರರ ಜಾಮೀನು, ಚಿನ್ನ, ಠೇವಣಿ ಅಥವಾ ಜಾಗ. ಜಾಗವೇ ಆದರೆ ಮೇಲೆ ಹೇಳಿದ ಕಾಗದಗಳೆಲ್ಲ ಮತ್ತೆ ಬೇಕು.

ಸಾಲ ತೀರಿದ ಮೇಲೆ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ 30 ದಿನದೊಳಗೆ ಮೂಲ ಆಧಾರ ಹಿಂತಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ. ಈ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಸಾಲಕ್ಕೆ ಕೊಡುವಾಗಲೇ ಪ್ರತಿ ಕಾಗದದ ಪಟ್ಟಿ ಮಾಡಿ ಶಾಖೆಯ ಸೀಲ್ ಹಾಕಿಸಿಟ್ಟುಕೊಳ್ಳಿ. ಬ್ಯಾಂಕಿನ ಮೇಲಿನ ದೂರಿಗೆ ಮೊದಲು ಬ್ಯಾಂಕಿಗೇ ಬರೆದು 30 ದಿನ ಕಾದು ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬೇಕು, ವಿವರಕ್ಕೆ 14448ಕ್ಕೆ ಕರೆ ಮಾಡಬಹುದು. ಹೌಸಿಂಗ್ ಫೈನಾನ್ಸ್ ಕಂಪನಿಯ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ‘ಗ್ರಿಡ್ಸ್’ ಪೋರ್ಟಲಿಗೆ. ಅಕ್ಷಯ ಕೇಂದ್ರದಲ್ಲಿ ಹಾಕಿಸುವುದಿದ್ದರೆ ಸಾಲದ ಖಾತೆ ಸಂಖ್ಯೆ, ಮೊದಲು ಬರೆದ ದೂರಿನ ಪ್ರತಿ ಮತ್ತು ಸೀಲ್ ಬಿದ್ದ ಕಾಗದಪಟ್ಟಿ ಜೊತೆಗಿರಲಿ.